ಆರ್‌ವಿಯಲ್ಲಿ ಐಸ್‌ಫೀಲ್ಡ್ಸ್ ಪಾರ್ಕ್‌ವೇ: ದಿನಕ್ಕೆ ಒಂದೇ ಬೆಟ್ಟ ಸಾಕು

ಕೆನಡಾದ ರಾಕಿ ಪರ್ವತಗಳ ನಡುವೆ ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಹೋಗುವ ರಸ್ತೆಯೇ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ಉದ್ದ ಸುಮಾರು 230 ಕಿಲೋಮೀಟರ್. ಬೆಂಗಳೂರಿನಲ್ಲಿ ಕೂತು ಮ್ಯಾಪ್ ನೋಡಿದರೆ ಅರ್ಧ ದಿನದ ದಾರಿ ಅನ್ನಿಸುತ್ತದೆ. ಹಾಗಾಗಿ ಜನ ಹತ್ತು ಕಡೆ ಇಳಿದು, ಫೋಟೋ ತೆಗೆದು, ಸಂಜೆಗೆ ಜಾಸ್ಪರ್ ಸೇರುತ್ತಾರೆ. ನಾವು ಹೋದದ್ದು ಆರ್‌ವಿಯಲ್ಲಿ, ಅಂದರೆ ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ ದೊಡ್ಡ ಗಾಡಿಯಲ್ಲಿ. ಆ ದಿನಕ್ಕೆ ಒಂದೇ ಚಾರಣ ಇಟ್ಟುಕೊಂಡೆವು. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು ಅಂತ ಮೊದಲೇ ತೀರ್ಮಾನಿಸಿದ್ದೆವು. ಇದನ್ನೇ ಎಲ್ಲರಿಗೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ತಯಾರಿ ಇಲ್ಲಿಂದಲೇ ಶುರುವಾಯಿತು. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದೆ. ಅದಕ್ಕೆ ಒಂದು ವರ್ಷದ ಅವಧಿ. ಜೊತೆಗೆ ನಮ್ಮ ಲೈಸೆನ್ಸ್ ಕೂಡ ಕೈಯಲ್ಲಿರಬೇಕು. ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡು, ಆಮೇಲೆ ಸ್ಕಂದಗಿರಿ, ಸಾವನದುರ್ಗ. ಕಾಲಿಗೆ ಅಭ್ಯಾಸ ಆಗಿದ್ದು ಇಲ್ಲೇ.

ಗಾಡಿಯನ್ನು ಕ್ಯಾಲ್ಗರಿಯಲ್ಲಿ ಬಾಡಿಗೆಗೆ ತೆಗೆದುಕೊಂಡೆವು. ನಾನು, ನಮ್ಮ ಯಜಮಾನರು, ಅತ್ತೆ. ಅಲ್ಲಿ ಬಲಗಡೆ ಓಡಿಸುವುದು ಬೇಗ ರೂಢಿಯಾಗುತ್ತದೆ. ಜಾಸ್ತಿ ಗಮನ ಬೇಕಾದದ್ದು ಗಾಡಿಯ ಹಿಂಭಾಗಕ್ಕೆ. ಹಿಂದಿನ ಚಕ್ರ ದಾಟಿ ಬಾಡಿ ಉದ್ದಕ್ಕೆ ಚಾಚಿರುತ್ತದೆ. ಬಲಕ್ಕೆ ತಿರುಗಿಸಿದರೆ ಆ ತುದಿ ಎಡಕ್ಕೆ ಹೊರಳುತ್ತದೆ. ಪೆಟ್ರೋಲ್ ಬಂಕಿನ ಕಂಬದ ಪಕ್ಕ ಇದು ನೆನಪಿರಲೇಬೇಕು. ಹೊರಡುವ ಮೊದಲು ಪ್ರತಿ ಕಪಾಟಿನ ಚಿಲಕ, ಫ್ರಿಜ್ ಬಾಗಿಲು, ಒಲೆ ನೋಡುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಅವರು "ಆಯ್ತಮ್ಮ" ಅನ್ನುವವರೆಗೆ ನಾನು ಕೀ ತಿರುಗಿಸುತ್ತಿರಲಿಲ್ಲ.

ಹಿಂದಿನ ರಾತ್ರಿ ಲೇಕ್ ಲೂಯಿಸ್ ಕ್ಯಾಂಪ್‌ಗ್ರೌಂಡಿನಲ್ಲಿ ಉಳಿದೆವು. ಅಲ್ಲಿ ಟೆಂಟಿನವರ ಜಾಗದ ಸುತ್ತ ಕರಡಿಗಾಗಿ ವಿದ್ಯುತ್ ಬೇಲಿ ಇದೆ. ವಾಸನೆ ಬರುವ ಯಾವ ವಸ್ತುವನ್ನೂ ಹೊರಗೆ ಬಿಡುವಂತಿಲ್ಲ. ಒಗ್ಗರಣೆ ಬಾಣಲೆಯಿಂದ ಪಾತ್ರೆ ತೊಳೆಯುವ ಬಟ್ಟೆವರೆಗೆ ಎಲ್ಲ ಒಳಗೆ. ಬೆಳಿಗ್ಗೆ ಅವಲಕ್ಕಿ ತಿಂದು, ಮಧ್ಯಾಹ್ನಕ್ಕೆ ಪುಳಿಯೋಗರೆ ಕಲಸಿಟ್ಟು, ಏಳಕ್ಕೆ ಮೊದಲೇ ಹೊರಟೆವು. ಬೇಗ ಹೊರಡುವುದಕ್ಕೆ ಒಂದು ಗಟ್ಟಿ ಕಾರಣವಿದೆ: ಹತ್ತು ಗಂಟೆ ಕಳೆದರೆ ಉದ್ದ ಗಾಡಿಗೆ ಪಾರ್ಕಿಂಗ್ ಸಿಗುವುದೇ ಕಷ್ಟ.

ಬೋ ಸರೋವರದ ಬಳಿ ಸ್ವಲ್ಪ ಹೊತ್ತು ನಿಂತೆವು. ಮುಂದೆ ಬೋ ಸಮ್ಮಿಟ್. ಅಲ್ಲಿ ರಸ್ತೆಯೇ 2,000 ಮೀಟರ್ ದಾಟುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ! ಪಕ್ಕದಲ್ಲೇ ಪೇಟೊ ಸರೋವರ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತದೆ. ಆ ಪುಡಿ ನೀರಿನಲ್ಲಿ ತೇಲಿ ಬೆಳಕನ್ನು ಚದುರಿಸುವುದರಿಂದ ನೀರಿಗೆ ಆ ಹಸಿರುನೀಲಿ ಬಣ್ಣ.

ಸಸ್ಕ್ಯಾಚವಾನ್ ಕ್ರಾಸಿಂಗ್‌ನಲ್ಲಿ ಪೆಟ್ರೋಲ್ ಹಾಕಿಸಿದೆವು. ಲೇಕ್ ಲೂಯಿಸ್ ಬಿಟ್ಟರೆ ಜಾಸ್ಪರ್‌ವರೆಗೆ ಬಂಕ್ ಇರುವುದು ಇಲ್ಲೊಂದೇ. ಬೆಲೆ ದುಬಾರಿ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ, ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ನಾವು ಆರಿಸಿದ್ದು ಪಾರ್ಕರ್ ರಿಡ್ಜ್. ಒಂದು ಕಡೆಗೆ ಮೂರು ಕಿಲೋಮೀಟರಿಗೂ ಕಡಿಮೆ, ಏರು ಸುಮಾರು 250 ಮೀಟರ್. ಮಂಡಿ ನೋವಿನ ಅತ್ತೆ, "ನೀವಿಬ್ರೂ ಹೋಗಿ ಬನ್ನಿ, ನಾನು ಮಲಗಿರ್ತೀನಿ" ಅಂದರು. ಆರ್‌ವಿಯ ನಿಜವಾದ ಲಾಭ ಇದೇ. ಹಾಸಿಗೆ, ಶೌಚಾಲಯ, ಬಿಸಿನೀರು ಎಲ್ಲ ಬೆಟ್ಟದ ಬುಡದಲ್ಲೇ ಇರುತ್ತದೆ. ಹಿರಿಯರನ್ನು ಕಾರಿನಲ್ಲಿ ಸುಮ್ನೆ ಕೂರಿಸಿ ಹೋದ ಹಾಗಲ್ಲ. ಫೋನ್ ಹೋಗುವುದಿಲ್ಲವಾದ್ದರಿಂದ ವಾಪಸ್ ಬರುವ ಸಮಯವನ್ನು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆವು.

ದಾರಿ ಶುರುವಿನಿಂದಲೇ ಅಂಕುಡೊಂಕಾಗಿ ಏರುತ್ತದೆ. ಹತ್ತುತ್ತಾ ಮರಗಳು ಕುಳ್ಳಗಾಗುತ್ತವೆ, ಆಮೇಲೆ ಇರುವುದೇ ಇಲ್ಲ. ತಿರುವುಗಳ ನಡುವೆ ಅಡ್ಡದಾರಿ ಹಿಡಿಯಬೇಡಿ ಅಂತ ಬೋರ್ಡ್‌ಗಳಿವೆ, ದಯವಿಟ್ಟು ಪಾಲಿಸಿ. ವರ್ಷದ ಹೆಚ್ಚು ಕಾಲ ಹಿಮದಡಿ ಇರುವ ಆ ಪುಟ್ಟ ಗಿಡಗಳು ಒಮ್ಮೆ ತುಳಿದರೆ ಚೇತರಿಸಿಕೊಳ್ಳಲು ಎಷ್ಟೋ ವರ್ಷ ಬೇಕು. ಕರಡಿಗೆ ನಾವು ಬರುವುದು ತಿಳಿಯಲಿ ಅಂತ ಜೋರಾಗಿ ಮಾತಾಡುತ್ತಾ ನಡೆದೆವು. ಬೇರ್ ಸ್ಪ್ರೇ, ಅಂದರೆ ಕರಡಿ ಮೇಲೆರಗಿದರೆ ಎರಚುವ ಖಾರದ ಸ್ಪ್ರೇ, ಬ್ಯಾಗಿನೊಳಗೆ ಇದ್ದರೆ ಪ್ರಯೋಜನವಿಲ್ಲ, ಸೊಂಟದಲ್ಲೇ ಇರಬೇಕು. ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು.

ಸ್ಕಂದಗಿರಿ ಹತ್ತಿದವರಿಗೆ ಈ ಏರು ದೊಡ್ಡದಲ್ಲ. ಕಾಡುವುದು ಗಾಳಿ. ಕೆಳಗೆ ಟೀ ಶರ್ಟ್ ಸಾಕಿತ್ತು. ಮೇಲೆ ಹೋಗುತ್ತಲೇ ಸ್ವೆಟರ್, ಅದರ ಮೇಲೆ ಜಾಕೆಟ್, ಉಣ್ಣೆ ಟೋಪಿ. ಇದು ಬೇಸಿಗೆಯ ನಡುಹಗಲು! ನೆತ್ತಿಯ ಆಚೆ ಬದಿಗೆ ನಡೆದಾಗ ಸಸ್ಕ್ಯಾಚವಾನ್ ಹಿಮನದಿ ಪೂರ್ತಿ ಕಂಡಿತು. ಕೊಲಂಬಿಯಾ ಹಿಮರಾಶಿಯಿಂದ ಇಳಿಯುವ ಹಿಮನದಿಗಳಲ್ಲಿ ಇದು ತುಂಬಾ ದೊಡ್ಡದು. ಇದು ಕರಗಿದ ನೀರು ಬಯಲುಸೀಮೆ ದಾಟಿ ಹಡ್ಸನ್ ಕೊಲ್ಲಿಯವರೆಗೆ ಹರಿಯುತ್ತದೆ. ಅಲ್ಲಿ ಒಂದು ಗಂಟೆಗೂ ಜಾಸ್ತಿ ಕೂತೆವು. ಮೋಡದ ನೆರಳು ಹಿಮದ ಮೇಲೆ ಸರಿಯುವುದನ್ನು ನೋಡುವುದಕ್ಕೆ ಅಷ್ಟು ಹೊತ್ತು ಬೇಕು. ಪಟ್ಟಿ ಹಿಡಿದು ಓಡುವವರಿಗೆ ಇದು ದಕ್ಕುವುದಿಲ್ಲ.

ಇಳಿದು ಬಂದಾಗ ಅತ್ತೆ ಪುಳಿಯೋಗರೆ ಬಿಸಿ ಮಾಡಿಟ್ಟಿದ್ದರು. ಊಟ ಮುಗಿಸಿ, ಹತ್ತಿರದಲ್ಲೇ ಇರುವ ಅಥಾಬಾಸ್ಕಾ ಹಿಮನದಿಗೆ ಹೋದೆವು. ಹಿಂದೆ ಯಾವ ವರ್ಷ ಮಂಜು ಎಲ್ಲಿಯವರೆಗಿತ್ತು ಅಂತ ದಾರಿಯಲ್ಲಿ ಗುರುತು ಹಾಕಿದ್ದಾರೆ. 125 ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ನಾನು ಹುಟ್ಟಿದ ವರ್ಷದ ಆಸುಪಾಸಿನ ಗುರುತು ದಾಟಿ ಇನ್ನೂ ಎಷ್ಟು ದೂರ ನಡೆಯಬೇಕಾಯಿತು ಎಂದು ನೋಡಿ ಸಂಕಟವಾಯಿತು.

ಜಾಸ್ಪರ್‌ಗೆ ಇನ್ನೂ ನೂರು ಕಿಲೋಮೀಟರ್ ಇತ್ತು. ಅಲ್ಲಿಗೆ ಹೋಗದೆ ಐಸ್‌ಫೀಲ್ಡ್ ಸೆಂಟರಿನ ಆರ್‌ವಿ ಜಾಗದಲ್ಲೇ ನಿಲ್ಲಿಸಿದೆವು. ಅಲ್ಲಿ ಕರೆಂಟ್, ನೀರಿನ ಸಂಪರ್ಕ ಇರುವುದಿಲ್ಲ, ಟ್ಯಾಂಕ್ ತುಂಬಿಸಿಕೊಂಡೇ ಬನ್ನಿ. ಸನ್ವಾಪ್ಟಾ, ಅಥಾಬಾಸ್ಕಾ ಜಲಪಾತಗಳನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡೆವು.