‘ಇಷ್ಟ ಆಯ್ತಾ?’ ಅಂತ ನಾನು ಕೇಳುವುದಿಲ್ಲ

ಪುಸ್ತಕಗಳ ಬಗ್ಗೆ ಬೇರೆಯವರು ಹೇಳುವ ಮಾತನ್ನು ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಎಲ್ಲ ಪುಸ್ತಕಗಳದ್ದಲ್ಲ, ಎರಡೇ ಬಗೆ: ಹಳೆಯ ಕ್ಲಾಸಿಕ್‌ಗಳು ಮತ್ತು ಅಡುಗೆ ಪುಸ್ತಕಗಳು. ಇದೆಂಥಾ ಜೋಡಿ ಅಂತ ನಗುವವರಿದ್ದಾರೆ. ನಗಲಿ. ಕ್ಲಾಸಿಕ್ ಬಗ್ಗೆ ಕೇಳಿದರೆ ಜನ ಮಾತನ್ನು ಇಸ್ತ್ರಿ ಮಾಡಿ ಹೇಳುತ್ತಾರೆ. ಅಡುಗೆ ಪುಸ್ತಕದ ಬಗ್ಗೆ ಕೇಳಿದರೆ ಬಾಯಿಗೆ ಬಂದದ್ದನ್ನೇ ಹೇಳುತ್ತಾರೆ. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದಂತೆ ನಾನು ಪ್ರಶ್ನೆ ಕೇಳುವ ರೀತಿಯೇ ಬದಲಾಯಿತು.

‘ಇಷ್ಟ ಆಯ್ತಾ?’ ಅಂದರೆ ಬರುವ ಉತ್ತರ ಗೊತ್ತೇ ಇದೆಯಲ್ಲ. ‘ತುಂಬಾ ಚೆನ್ನಾಗಿದೆ’, ‘ಎಲ್ಲರೂ ಓದಲೇಬೇಕು’. ಇದನ್ನು ಬರೆದುಕೊಂಡು ಏನು ಮಾಡುವುದು? ಅದೇ ಅಡುಗೆ ಪುಸ್ತಕ ಕೊಂಡವರು, ‘ಅದರಲ್ಲಿ ಹೇಳಿದ ಹೊತ್ತಿಗೆ ಬ್ರೆಡ್ ಒಳಗೆ ಬೇಯೋದೇ ಇಲ್ಲ, ಇನ್ನೂ ಹತ್ತು ನಿಮಿಷ ಬೇಕು’ ಅನ್ನುತ್ತಾರೆ. ಇದು ಉಪಯೋಗಕ್ಕೆ ಬರುವ ಅಭಿಪ್ರಾಯ. ಯಾಕೆಂದರೆ ಅವರು ಪುಸ್ತಕದ ಜೊತೆ ಏನು ಮಾಡಿದರು ಅನ್ನುವುದು ಅದರಲ್ಲಿದೆ.

ಹಾಗಾಗಿ ಅಡುಗೆ ಪುಸ್ತಕದವರಿಗೆ ಕೇಳುವಂಥ ಪ್ರಶ್ನೆಗಳನ್ನೇ ಕ್ಲಾಸಿಕ್ ಓದಿದವರಿಗೂ ಕೇಳಲು ಶುರು ಮಾಡಿದೆ. ಯಾವ ಮುದ್ರಣ ಓದಿದಿರಿ? ಅನುವಾದ ಆಗಿದ್ದರೆ ಯಾರದು? ಎಲ್ಲಿ ತನಕ ಓದಿದಿರಿ? ಯಾವ ಭಾಗ ಹಾರಿಸಿದಿರಿ? ಯಾವ ಪುಟಕ್ಕೆ ಮತ್ತೆ ಹೋದಿರಿ? ‘ಹಾರಿಸಿದಿರಾ?’ ಅಂತ ಕೇಳಬಾರದು, ಇಲ್ಲ ಅಂತಲೇ ಹೇಳುತ್ತಾರೆ. ‘ಯಾವ ಭಾಗ ಹಾರಿಸಿದಿರಿ?’ ಅಂದರೆ ಮಾತ್ರ ಸ್ವಲ್ಪ ನಕ್ಕು ನಿಜ ಹೇಳುತ್ತಾರೆ.

ಮುದ್ರಣದ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ 1851ರಲ್ಲಿ ಲಂಡನ್ನಿನಲ್ಲಿ ಮೊದಲು ಬಂತು, ‘ದಿ ವೇಲ್’ ಅನ್ನುವ ಹೆಸರಲ್ಲಿ, ಮೂರು ಸಂಪುಟಗಳಲ್ಲಿ. ಆ ಮುದ್ರಣದಲ್ಲಿ ಕೊನೆಯ ಉಪಸಂಹಾರವೇ ಬಿಟ್ಟುಹೋಗಿತ್ತು. ಹಡಗು ಮುಳುಗಿದ ಮೇಲೂ ಕಥೆ ಹೇಳುವವನು ಹೇಗೆ ಬದುಕಿ ಉಳಿದ ಅನ್ನುವುದು ಇರುವುದೇ ಆ ಪುಟದಲ್ಲಿ. ಅಲ್ಲಿನ ಕೆಲವು ವಿಮರ್ಶಕರು, ಎಲ್ಲರೂ ಸತ್ತರೆ ಈ ಕಥೆ ಹೇಳಿದ್ದು ಯಾರು ಅಂತ ಲೇಖಕನನ್ನೇ ತರಾಟೆಗೆ ತೆಗೆದುಕೊಂಡರು. ಅವರ ಕೈಲಿದ್ದ ಪುಸ್ತಕದ ಮಟ್ಟಿಗೆ ಅವರ ಮಾತು ಸರಿಯೇ. ಈಗಲೂ ಮಕ್ಕಳಿಗಾಗಿ ಸಂಕ್ಷೇಪ ಮಾಡಿದ ಪ್ರತಿ ಓದಿ ‘ಇದರಲ್ಲಿ ಏನಿದೆ ಅಂಥದ್ದು?’ ಅನ್ನುವವರು ಸಿಗುತ್ತಾರೆ. ಆ ಮಾತು ಬರೆದುಕೊಳ್ಳುತ್ತೇನೆ, ಪಕ್ಕದಲ್ಲಿ ‘ಸಂಕ್ಷಿಪ್ತ’ ಅಂತ ಗುರುತು ಹಾಕುತ್ತೇನೆ.

ಈ ಕೆಲಸದಲ್ಲಿ ನನಗೆ ಗುರು ಅಂತ ಇದ್ದರೆ ಅದು ಜೇನ್ ಆಸ್ಟೆನ್. ಆಕೆ ತನ್ನ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ (1814) ಮತ್ತು ‘ಎಮ್ಮಾ’ (1815) ಬಗ್ಗೆ ಮನೆಯವರು, ನೆಂಟರು, ಪರಿಚಯದವರು ಏನೇನು ಹೇಳಿದರು ಅಂತ ತಾನೇ ಪಟ್ಟಿ ಮಾಡಿಟ್ಟಿದ್ದಳು. ಹೊಗಳಿಕೆ ಮಾತ್ರ ಆರಿಸಲಿಲ್ಲ ನೋಡಿ. ಸ್ವಂತ ತಾಯಿಗೆ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಹಿಂದಿನ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಷ್ಟು ಹಿಡಿಸಲಿಲ್ಲ, ನಾಯಕಿ ಫ್ಯಾನಿ ಸಪ್ಪೆ ಅನ್ನಿಸಿದಳು ಅಂತ ಬರೆದಿದ್ದಾಳೆ. ‘ಎಮ್ಮಾ’ ಸ್ವಾರಸ್ಯವಾಗಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಒಬ್ಬರು ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಎರಡನ್ನೇ ಓದಿದರಂತೆ. ಅದೂ ಪಟ್ಟಿಯಲ್ಲಿದೆ. ಇನ್ನೊಬ್ಬರಿಗೆ ಎಷ್ಟು ಕಡಿಮೆ ಹಿಡಿಸಿತೆಂದರೆ, ಅವರ ಅಭಿಪ್ರಾಯವನ್ನು ತಿಳಿಸಲು ನಡುವೆ ಇದ್ದವರಿಗೇ ಮನಸ್ಸಾಗಲಿಲ್ಲ. ಅದೂ ಇದೆ! ಲೇಖಕಿಗೇ ಇಷ್ಟು ಗಟ್ಟಿ ಹೊಟ್ಟೆ ಇರುವಾಗ, ಬೇರೆಯವರ ಪುಸ್ತಕದ ಬಗ್ಗೆ ಬರೆದುಕೊಳ್ಳುವ ನನಗೇನು ಕಷ್ಟ?

ಕ್ಲಾಸಿಕ್ ಹಿಡಿಸಲಿಲ್ಲ ಅನ್ನಲು ಹೆದರುವವರಿಗೆ ನಾನು ಟಾಲ್‌ಸ್ಟಾಯ್ ಕಥೆ ಹೇಳುತ್ತೇನೆ. ಶೇಕ್ಸ್‌ಪಿಯರ್ ದೊಡ್ಡ ಲೇಖಕನೇ ಅಲ್ಲ ಅಂತ ಆತ ಬರೆದ ಪ್ರಬಂಧ 1906ರಲ್ಲಿ ಪ್ರಕಟವಾಯಿತು. ನಾನು ಅದನ್ನು ಒಪ್ಪುವುದಿಲ್ಲ. ‘ಕಿಂಗ್ ಲಿಯರ್’ ಬಗ್ಗೆ ಆತ ಹೇಳುವುದಂತೂ ನನಗೆ ಹಟದ ಮಾತಾಗಿ ಕಾಣುತ್ತದೆ. ಆದರೂ ಅದು ಒಳ್ಳೆಯ ಅಭಿಪ್ರಾಯ. ರಷ್ಯನ್, ಇಂಗ್ಲಿಷ್, ಜರ್ಮನ್ ಮೂರರಲ್ಲೂ ಓದಿದೆ, ವಯಸ್ಸಾದ ಮೇಲೆ ಮತ್ತೆ ಪೂರ್ತಿ ಓದಿದೆ, ಆಗಲೂ ಹಾಗೇ ಅನ್ನಿಸಿತು ಅಂತ ಆತ ಲೆಕ್ಕ ಕೊಡುತ್ತಾನೆ. ನಾವು ಒಪ್ಪದೇ ಇರಬಹುದು, ಆದರೆ ಓದದೆ ಮಾತಾಡಿದ ಅಂತ ಹೇಳುವ ಹಾಗಿಲ್ಲ.

ಇನ್ನು ಅಡುಗೆ ಪುಸ್ತಕ. ಇಲ್ಲಿ ಮಾಡಿ ನೋಡಿದಿರೋ ಇಲ್ಲವೋ ಅನ್ನುವುದು ಮೊದಲ ಪ್ರಶ್ನೆ. ಚಿತ್ರ ನೋಡಿ ಹೊಗಳುವವರು ಜಾಸ್ತಿ. ಎರಡನೆಯದು, ಏನು ಬದಲಾಯಿಸಿದಿರಿ? ಸಕ್ಕರೆ ಅರ್ಧ ಮಾಡಿ, ಬೆಣ್ಣೆ ಬದಲು ಎಣ್ಣೆ ಹಾಕಿ, ಮೊಟ್ಟೆ ಕೈಬಿಟ್ಟು, ‘ಈ ಕೇಕ್ ಚೆನ್ನಾಗಿ ಬರಲಿಲ್ಲ, ಪುಸ್ತಕ ದಂಡ’ ಅನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ಬದಲಾಯಿಸಿದ್ದನ್ನು ಪೂರ್ತಿ ಬರೆದುಕೊಳ್ಳುತ್ತೇನೆ, ಅಷ್ಟೇ. ಮೂರನೆಯದು ನನಗೆ ತುಂಬಾ ಇಷ್ಟದ್ದು: ಯಾವ ಪುಟದಲ್ಲಿ ಕಲೆ ಇದೆ? ಎಣ್ಣೆ ಕಲೆ ಇರುವ ಪುಟವೇ ಅವರ ನಿಜವಾದ ಅಭಿಪ್ರಾಯ. ದಪ್ಪ ಪುಸ್ತಕದಲ್ಲಿ ಎರಡೇ ಪುಟ ಕೊಳೆಯಾಗಿದ್ದರೆ ಅದನ್ನೂ ತಿಳಿದುಕೊಳ್ಳಬೇಕಲ್ವಾ?

ಹಳೆಯ ಅಡುಗೆ ಪುಸ್ತಕಗಳನ್ನು ಅಳೆಯುವಾಗ ಮಾತ್ರ ಇನ್ನೊಂದು ವಿಷಯ ನೋಡಬೇಕಾಗುತ್ತದೆ. ‘ಅಳತೆಯೇ ಇಲ್ಲ’ ಅಂತ ದೂರುವವರು ಬಹಳ. ಸಾಮಾನು, ಅಳತೆ, ಹೊತ್ತು ಇವನ್ನು ಬೇರೆಯಾಗಿ ಪಟ್ಟಿ ಮಾಡುವ ಪದ್ಧತಿಗೆ ಇಂಗ್ಲಿಷಿನಲ್ಲಿ ದಾರಿ ಹಾಕಿದವರಲ್ಲಿ ಎಲೈಜಾ ಆಕ್ಟನ್ ಮುಖ್ಯಳು. ಅವಳ ಪುಸ್ತಕ ಬಂದದ್ದು 1845ರಲ್ಲಿ, ಅದಕ್ಕೂ ಮೊದಲು ಅವಳು ಕವಿತೆ ಪ್ರಕಟಿಸಿದವಳು. ಅವಳ ಪಟ್ಟಿ ಇರುತ್ತಿದ್ದುದು ಪಾಕವಿಧಾನದ ಕೊನೆಯಲ್ಲಿ. 1861ರಲ್ಲಿ ಇಸಬೆಲ್ಲಾ ಬೀಟನ್ ಅದನ್ನು ಮೊದಲಿಗೆ ತಂದಳು. ಬೀಟನ್ ಪುಸ್ತಕದ ಬಹುಪಾಲು ಪಾಕವಿಧಾನಗಳು ಬೇರೆ ಪುಸ್ತಕಗಳಿಂದ ಎತ್ತಿದವು, ಆಕ್ಟನ್‌ದೂ ಅದರಲ್ಲಿವೆ. ಆದರೂ ಹೆಸರು ಬಂದದ್ದು ಬೀಟನ್‌ಗೆ. ಚಮಚ, ಕಪ್ ಮಟ್ಟಸ ಮಾಡಿ ಅಳೆಯಿರಿ ಅಂತ ಒತ್ತಿ ಹೇಳಿದ ಫ್ಯಾನಿ ಫಾರ್ಮರ್‌ಳ ಪುಸ್ತಕ ಬಂದದ್ದು 1896ರಲ್ಲಿ.

ಅಳತೆ ಇದ್ದ ಮಾತ್ರಕ್ಕೆ ನಂಬಬೇಕೆಂದೇನೂ ಇಲ್ಲ. ಬೀಟನ್ ದೊಡ್ಡ ಕ್ಯಾರೆಟ್ಟನ್ನು ಸುಮಾರು ಎರಡು ಗಂಟೆ ಬೇಯಿಸಲು ಹೇಳುತ್ತಾಳೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಪುಸ್ತಕದ ಪುಟದಲ್ಲಿ ಬೈಗುಳವೇ ತುಂಬಿದೆ. ಕಥೆಯ ಹಾಗೆ ಓದಿದವರ ಮಾತು ಬೇರೆ: ಆ ಕಾಲದ ಮನೆ ಹೇಗೆ ನಡೆಯುತ್ತಿತ್ತು ಅಂತ ಯಾವ ಕಾದಂಬರಿಯೂ ಇಷ್ಟು ಹೇಳಲ್ಲ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಮಂಗರಸನ ‘ಸೂಪಶಾಸ್ತ್ರ’ದ ಸರದಿ ಬಂದಾಗ ಅದನ್ನು ಯಾವ ಭಾಗದಲ್ಲಿ ಬರೆಯಬೇಕು ಅಂತಲೇ ತಿಳಿಯಲಿಲ್ಲ. 16ನೇ ಶತಮಾನದ ಆರಂಭದ ಕನ್ನಡ ಅಡುಗೆ ಪುಸ್ತಕ, ಆದರೆ ಇರುವುದು ವಾರ್ಧಕ ಷಟ್ಪದಿಯಲ್ಲಿ. ಛಂದಸ್ಸು ಹಿಡಿದು ಓದಿದವರೂ ಇದ್ದಾರೆ, ಒಲೆ ಹಚ್ಚಿದವರೂ ಇದ್ದಾರೆ. ಕೊನೆಗೆ ಎರಡೂ ಕಡೆ ಒಂದೊಂದು ಪುಟ ಕೊಟ್ಟೆ. ಕಾವ್ಯದ ಪುಟ ತುಂಬಿದೆ, ಅಡುಗೆಯದು ಇನ್ನೂ ಅರ್ಧ ಖಾಲಿ. ಅದರಿಂದ ಏನಾದರೂ ಮಾಡಿ ನೋಡಿದವರು ಸಿಕ್ಕರೆ ನನ್ನ ಮೊದಲ ಪ್ರಶ್ನೆ, ಯಾವ ಪದ್ಯ ಹಿಡಿದು ಮಾಡಿದಿರಿ, ಅಳತೆಗೆ ಏನು ಮಾಡಿದಿರಿ ಅನ್ನುವುದು.