142 ವ್ಯಾಟೋ 88 ವ್ಯಾಟೋ: ರೈಜನ್ 7700ಎಕ್ಸ್‌ನ ಎಕೋ ಮೋಡ್ ಅಳೆದ ಬಗೆ

ಎಎಮ್‌ಡಿಯ ಡೆಸ್ಕ್‌ಟಾಪ್ ಪ್ರೊಸೆಸರ್ ರೈಜನ್ 7 7700ಎಕ್ಸ್‌ನ ಟಿಡಿಪಿ, ಅಂದರೆ ಕೂಲರ್ ಆರಿಸಲು ಕಂಪನಿ ಕೊಡುವ ಅಂಕಿ, 105 ವ್ಯಾಟ್. ಆದರೆ ಪ್ರೊಸೆಸರ್ ನಿಜಕ್ಕೂ ಎಳೆದುಕೊಳ್ಳಬಹುದಾದ ಮಿತಿ, ಅಂದರೆ ಪಿಪಿಟಿ, 142 ವ್ಯಾಟ್. ವಿದ್ಯುತ್ ಮಿತಿ ತಗ್ಗಿಸಲು ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಇರುವ ಎಕೋ ಮೋಡ್‌ನಲ್ಲಿ 65 ವ್ಯಾಟ್ ಆರಿಸಿದರೆ ಪಿಪಿಟಿ 88ಕ್ಕೆ ಇಳಿಯುತ್ತದೆ. ಹಾಗಾಗಿ ನಾನು ಹೋಲಿಸಿದ್ದು 142 ಮತ್ತು 88ನ್ನು, 105 ಮತ್ತು 65ನ್ನಲ್ಲ.

ಎಕೋ ಮೋಡ್ ಸಿಗುವುದು ಎಎಮ್‌ಡಿ ಓವರ್‌ಕ್ಲಾಕಿಂಗ್ ಮೆನುವಿನಲ್ಲಿ. ಅಲ್ಲಿಲ್ಲದಿದ್ದರೆ ಪಿಬಿಓದಲ್ಲಿ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ಮೆನುವಿನಲ್ಲಿ) ಮಿತಿಗಳನ್ನು ಕೈಯಾರೆ ತುಂಬಬೇಕು: ಪಿಪಿಟಿ 88 ವ್ಯಾಟ್, ಟಿಡಿಸಿ (ಸತತ ಕರೆಂಟ್‌ನ ಮಿತಿ) 75 ಆಂಪಿಯರ್, ಇಡಿಸಿ (ಕ್ಷಣಿಕ ಕರೆಂಟ್‌ನ ಮಿತಿ) 150 ಆಂಪಿಯರ್. ಇಲ್ಲಿ ಎಡವುವವರು ಬಹಳ. ಹಲವು ಬೋರ್ಡ್‌ಗಳು ಈ ಅಂಕಿಗಳನ್ನು ಮಿಲಿವ್ಯಾಟ್, ಮಿಲಿಆಂಪಿಯರ್ ಲೆಕ್ಕದಲ್ಲಿ ಕೇಳುತ್ತವೆ. ಅಲ್ಲಿ 88000 ಎಂದು ಬರೆಯಬೇಕು.

ಒಂದೊಂದು ಸೆಟ್ಟಿಂಗ್‌ಗೂ ಪ್ರೊಸೆಸರ್‌ನ ವೇಗ ಅಳೆಯುವ ಸಿನೆಬೆಂಚ್ ಆರ್23ನ್ನು 10 ನಿಮಿಷದ ಮೋಡ್‌ನಲ್ಲಿ ಮೂರು ಸಲ ಓಡಿಸಿ ನಡುವಿನ ಅಂಕ ತೆಗೆದುಕೊಂಡೆ. ಒಂದೇ ಸುತ್ತಿನ ಅಂಕವನ್ನು ನಂಬಬಾರದು. ಕೂಲರ್ ಇನ್ನೂ ತಣ್ಣಗಿರುವಾಗ ಬಂದ ಅಂಕ ಅದು. ಬೂಟ್ ಆದ ಮೇಲೆ ಹದಿನೈದು ನಿಮಿಷ ಸುಮ್ಮನೆ ಬಿಡಿ, ವಿಂಡೋಸ್ ಅಪ್‌ಡೇಟ್, ಇಂಡೆಕ್ಸಿಂಗ್ ಮುಗಿಯಲಿ. ವಿಂಡೋಸ್‌ನ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟ ನೂರಕ್ಕೆ 100 ಇದೆಯೇ ನೋಡಿ. 99ಕ್ಕೆ ಇಳಿಸಿದರೆ ಬೂಸ್ಟ್ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವುದು) ನಿಂತುಹೋಗುತ್ತದೆ, ಆಮೇಲೆ ಅಳೆದದ್ದೆಲ್ಲ ವ್ಯರ್ಥ.

ಸೆನ್ಸರ್ ಅಂಕಿಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಮೂರು ಸಾಲು ಸಾಕು: ಪಿಪಿಟಿ, ಟಿಡೈ (ಚಿಪ್‌ನ ಒಳಗಿನ) ಉಷ್ಣತೆ, ಕೋರ್‌ಗಳ ಎಫೆಕ್ಟಿವ್ ಕ್ಲಾಕ್ (ನಿಜಕ್ಕೂ ಓಡಿದ ಸರಾಸರಿ ವೇಗ). ಓಟ ಶುರುವಾದ ಕೂಡಲೇ ಸರಾಸರಿಯನ್ನು ರೀಸೆಟ್ ಮಾಡಿ, ಇಲ್ಲದಿದ್ದರೆ ಸುಮ್ಮನಿದ್ದ ಹೊತ್ತಿನ ವ್ಯಾಟ್ ಕೂಡ ಅದರಲ್ಲಿ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಉಷ್ಣತೆ 95 ಡಿಗ್ರಿಗೆ ಅಂಟಿಕೊಂಡು ಪಿಪಿಟಿ 142ನ್ನು ಮುಟ್ಟದೇ ಇದ್ದರೆ, ತಡೆಯುತ್ತಿರುವುದು ಕೂಲರ್, ವ್ಯಾಟ್ ಮಿತಿಯಲ್ಲ. ಆಗ ನೀವು ಹೋಲಿಸುತ್ತಿರುವುದು ಕೂಲರ್‌ನ ತಾಕತ್ತನ್ನು. ಕೋಣೆಯ ಉಷ್ಣತೆಯನ್ನೂ ಬರೆದಿಟ್ಟುಕೊಳ್ಳಿ, ಬೆಳಿಗ್ಗೆ ಒಂದು, ಏಪ್ರಿಲ್ ಮಧ್ಯಾಹ್ನ ಇನ್ನೊಂದು ಓಡಿಸಿದರೆ ಹೋಲಿಕೆಗೆ ಬೆಲೆಯಿಲ್ಲ.

ಇನ್ನೊಂದು ಎಡವಟ್ಟು ಮೆಮೊರಿಯದು. ಬಯಾಸ್ ರೀಸೆಟ್ ಮಾಡಿದರೆ ಮೆಮೊರಿಯನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಪ್ರೊಫೈಲ್ ಆಫ್ ಆಗುತ್ತದೆ, 6000ದ ರ‍್ಯಾಮ್ 4800ಕ್ಕೆ ಇಳಿದು ಕೂರುತ್ತದೆ. ಫೈಲ್ ಕುಗ್ಗಿಸುವ 7-ಜಿಪ್‌ನಂಥ ಪರೀಕ್ಷೆಯಲ್ಲಿ ಅಂಕ ಕುಸಿಯುತ್ತದೆ, ತಪ್ಪು ಎಕೋ ಮೋಡ್ ತಲೆಗೆ ಬರುತ್ತದೆ. ಎಕ್ಸ್‌ಪೋ ಮತ್ತೆ ಹಾಕಿದ ಮೇಲೆ ಮೊದಲ ಬೂಟ್‌ನಲ್ಲಿ ಪರದೆ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಅದು ಮೆಮೊರಿ ಟ್ರೈನಿಂಗ್ (ಬೋರ್ಡ್ ಮೆಮೊರಿಗೆ ಹೊಂದಿಕೊಳ್ಳುವ ಹೊತ್ತು), ಸ್ವಿಚ್ ಆಫ್ ಮಾಡಬೇಡಿ.

ಸಿಂಗಲ್ ಕೋರ್ ಅಂಕದಲ್ಲಿ ಒಂದು ಓಟಕ್ಕೂ ಮತ್ತೊಂದಕ್ಕೂ ಇರುವಷ್ಟೇ ವ್ಯತ್ಯಾಸ ಕಂಡಿತು. ಒಂದೇ ಕೋರ್ ಓಡುವಾಗ 88 ವ್ಯಾಟ್ ಬೇಕಾಗುವುದೇ ಇಲ್ಲ. ಎಂಟೂ ಕೋರ್ ದುಡಿಯುವಾಗ ಕಳೆದುಕೊಂಡದ್ದು ನೂರಕ್ಕೆ ಹತ್ತರೊಳಗೆ. ಕಾರಣ ಸರಳ: ವ್ಯಾಟ್ ಏರುವುದು ಕ್ಲಾಕ್ ಜೊತೆಗೂ ವೋಲ್ಟೇಜಿನ ವರ್ಗದ (ವೋಲ್ಟೇಜ್ × ವೋಲ್ಟೇಜ್) ಜೊತೆಗೂ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ವೋಲ್ಟೇಜ್ ವಿಪರೀತ ಬೇಡುತ್ತದೆ.

ಅಂಕಕ್ಕಿಂತ ಕೆಲಸಕ್ಕೆ ತಗಲಿದ ವಿದ್ಯುತ್ ನೋಡುವುದು ನನಗಿಷ್ಟ. 142 ವ್ಯಾಟ್‌ನಲ್ಲಿ 600 ಸೆಕೆಂಡ್ ಹಿಡಿಯುವ ಕೆಲಸ 88ರಲ್ಲಿ 650 ಸೆಕೆಂಡ್ ಹಿಡಿಯಿತೆನ್ನಿ. ಮೊದಲನೆಯದಕ್ಕೆ 85,200 ಜೌಲ್, ಎರಡನೆಯದಕ್ಕೆ 57,200. ಐವತ್ತು ಸೆಕೆಂಡ್ ಕಾದರೆ ಮೂರನೇ ಒಂದು ಭಾಗ ಉಳಿಯಿತು.

ಎಚ್‌ಡಬ್ಲ್ಯೂಇನ್ಫೋ ತೋರಿಸುವುದು ಪ್ರೊಸೆಸರಿನ ಲೆಕ್ಕ ಮಾತ್ರ. ಗೋಡೆಯ ಪ್ಲಗ್‌ನಲ್ಲಿ ಎಸ್‌ಎಂಪಿಎಸ್‌ನ (ಪಿಸಿಯ ಪವರ್ ಸಪ್ಲೈ) ನಷ್ಟ, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲ ಸೇರುತ್ತವೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಅದರ ಮೇಲೆ ಓಡಿಸುವವರು ಪ್ಲಗ್ ಮೀಟರ್ ಹಾಕಿಯೇ ಅಳೆಯಬೇಕು.