ತೊಗರಿ ಚೀಲದ ಹಿಂದೆ ನಡೆದು ನೋಡಿ: ಯೋಜನೆಗೆ ಸಂಬಂಧಪಟ್ಟವರನ್ನು ಗುರುತಿಸುವ ಬಗೆ

ಕಲಬುರಗಿ ಜಿಲ್ಲೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವು ಬೆಂಬಲ ಬೆಲೆಯ ತೊಗರಿ ಖರೀದಿಗಾಗಿ ತಂತ್ರಾಂಶ ಬೇಕೆಂದು ಕೇಳಿದೆ ಎಂದುಕೊಳ್ಳೋಣ. ಸಂಘದ ಕಾರ್ಯದರ್ಶಿ ತಮಗೆ ಬೇಕಾದುದನ್ನು ಅರ್ಧ ದಿನದಲ್ಲಿ ಹೇಳಿ ಮುಗಿಸುತ್ತಾರೆ. ಅಷ್ಟನ್ನೇ ಬರೆದುಕೊಂಡು ಎದ್ದು ಬಂದರೆ ಸಿದ್ಧವಾಗುವುದು ಕಾರ್ಯದರ್ಶಿಯವರ ಮೇಜಿಗೆ ಹೊಂದುವ ತಂತ್ರಾಂಶವೇ ಹೊರತು ಖರೀದಿ ಕೇಂದ್ರಕ್ಕೆ ಹೊಂದುವುದಲ್ಲ.

ಇಂಥ ಕೆಲಸದಲ್ಲಿ ಯೋಜನೆಯನ್ನು ನಡೆಸುವ, ತಡೆಯುವ, ಅದರಿಂದ ಲಾಭ ನಷ್ಟ ಕಾಣುವ ಎಲ್ಲರಿಗೂ ‘ಪಾಲುದಾರರು’ (ಸ್ಟೇಕ್‌ಹೋಲ್ಡರ್ಸ್) ಎಂಬ ಮಾತು ರೂಢಿಯಲ್ಲಿದ್ದರೂ ಅದನ್ನು ಕೇಳಿದವರಿಗೆ ಹಣ ಹೂಡಿದವರಷ್ಟೇ ನೆನಪಾಗುತ್ತಾರೆ. ‘ಸಂಬಂಧಪಟ್ಟವರು’ ಎಂದು ಬರೆದುಕೊಳ್ಳುವುದೇ ಮೇಲು, ಏಕೆಂದರೆ ಪಟ್ಟಿಯ ಹೆಸರು ಬದಲಾದಾಗ ಅದರೊಳಗೆ ಬರುವವರೂ ಬದಲಾಗುತ್ತಾರೆ.

ಕಚೇರಿಯ ಹುದ್ದೆಗಳ ನಕ್ಷೆಯಿಂದ ಆರಂಭಿಸಬೇಡಿ. ಒಂದು ಚೀಲ ತೊಗರಿಯ ಹಿಂದೆ ಹೊಲದಿಂದ ಬ್ಯಾಂಕ್ ಖಾತೆಯವರೆಗೆ ನಡೆದು, ಅದನ್ನು ಮುಟ್ಟುವ ಪ್ರತಿಯೊಂದು ಕೈಯನ್ನೂ ಬರೆದುಕೊಳ್ಳಿ. ಹೊಲದಲ್ಲೇ ಮೊದಲ ತೊಡಕು ಎದುರಾಗುತ್ತದೆ: ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿರಬಹುದು, ಬೆಳೆದವರು ಹೊಲವನ್ನು ಲಾವಣಿಗೆ (ಗೇಣಿಗೆ) ಹಿಡಿದವರಾಗಿರಬಹುದು, ರಾಶಿಯನ್ನು ಒಣಗಿಸಿ ಹಸನು ಮಾಡಿದ ಹೆಣ್ಣುಮಗಳ ಹೆಸರು ಯಾವ ಕಾಗದದಲ್ಲೂ ಇಲ್ಲದಿರಬಹುದು. ‘ರೈತ’ ಎಂದು ಒಂದೇ ಸಾಲಿನಲ್ಲಿ ಬರೆದರೆ ಈ ಮೂವರೂ ಕಳೆದುಹೋಗುತ್ತಾರೆ. ಮುಂದೆ ಟಂಟಂ ಅಥವಾ ಟ್ರ್ಯಾಕ್ಟರ್ ಬಾಡಿಗೆಯವರು, ಕೇಂದ್ರದಲ್ಲಿ ತೇವಾಂಶ ಅಳೆಯುವವರು, ತೂಕ ಮಾಡುವವರು, ಚೀಲ ಹೊಲಿಯುವ ಮತ್ತು ಹೊರುವ ಹಮಾಲರು, ಉಗ್ರಾಣದ ರಸೀದಿ ಕೊಡುವವರು, ನಾಫೆಡ್‌ನಂಥ ಖರೀದಿ ಸಂಸ್ಥೆಯವರು, ಕೊನೆಗೆ ಆಧಾರ್ ಜೋಡಣೆಯಾಗದ ಖಾತೆಯನ್ನು ಸರಿಪಡಿಸುವ ಬ್ಯಾಂಕ್ ಸಿಬ್ಬಂದಿ ಬರುತ್ತಾರೆ.

ಚೀಲವನ್ನು ಮುಟ್ಟದಿದ್ದರೂ ಅದರಿಂದ ಲಾಭ ನಷ್ಟ ಕಾಣುವವರನ್ನು ಹುಡುಕುವುದು ಎರಡನೆಯ ಹಂತ. ಬಿತ್ತನೆಗೆ ಮುಂಗಡ ಕೊಟ್ಟ ಅಡತಿ ಅಂಗಡಿಯವರಿಗೆ ಫಸಲು ತಮ್ಮ ಕಡೆಗೇ ಬರಬೇಕೆಂಬ ನಿರೀಕ್ಷೆಯಿರುತ್ತದೆ. ದಾಲ್ ಮಿಲ್ ಮಾಲೀಕರಿಗೆ ಖರೀದಿಯ ವೇಗವೇ ಪೇಟೆಯ ಧಾರಣೆಯ ಸುಳಿವು. ಇವರನ್ನು ವಿರೋಧಿಗಳೆಂದು ಬದಿಗಿಡುವ ತಂಡಗಳು ತಪ್ಪು ಮಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಬದಲಾವಣೆಯಿಂದ ನಷ್ಟವಾಗುವವರೇ ಈಗಿನ ಪದ್ಧತಿಯ ಒಳದಾರಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು.

ಪ್ರತಿ ಹೆಸರಿನ ಮುಂದೆ ಅವರು ಮಾಡುವ ಕೆಲಸ, ಅವರು ತಡೆಯಬಲ್ಲ ನಿರ್ಧಾರ, ಯೋಜನೆ ಕೆಟ್ಟರೆ ಅವರಿಗಾಗುವ ಹಾನಿ, ಅವರ ಪರವಾಗಿ ಮಾತಾಡುವವರು ಇಷ್ಟನ್ನು ಬರೆಯಿರಿ. ಯಾರಿಗೆ ಪ್ರಭಾವ ಎಷ್ಟು, ಆಸಕ್ತಿ ಎಷ್ಟು ಎಂದು ನೋಡಿ ಜನರನ್ನು ನಾಲ್ಕು ಮನೆಗಳಲ್ಲಿ ಹಂಚಿಡುವ ಚೌಕಟ್ಟು ಉಪಯುಕ್ತವೇ ಆದರೂ ಅದರಲ್ಲಿ ಹಮಾಲರು ಸದಾ ಕೆಳಗಿನ ಮೂಲೆಗೆ ಬೀಳುತ್ತಾರೆ. ಅವರು ಒಂದು ದಿನ ಕೈಕಟ್ಟಿ ಕುಳಿತರೆ ಖರೀದಿಯೇ ನಿಲ್ಲುತ್ತದೆ ಎಂಬುದನ್ನಾಗಲಿ, ಯೋಜನೆ ಕೆಟ್ಟರೆ ಅವರಿಗಾಗುವ ಹಾನಿಯನ್ನಾಗಲಿ ಚೌಕಟ್ಟು ತೋರಿಸುವುದಿಲ್ಲ. ಆದ್ದರಿಂದ ಹಾನಿಯನ್ನೂ ಮೂರನೆಯ ಅಳತೆಯಾಗಿ ಸೇರಿಸಿಕೊಳ್ಳಿ. ಇಬ್ಬರ ಬೇಡಿಕೆಗಳು ಡಿಕ್ಕಿಯಾದಾಗ ಕೊನೆಯ ಮಾತು ಯಾರದೆಂಬುದನ್ನು ಆರಂಭದಲ್ಲೇ ಲಿಖಿತವಾಗಿ ಪಡೆಯಿರಿ.

ಭೇಟಿಯ ಸಮಯವೂ ಮುಖ್ಯ. ಡಿಸೆಂಬರ್ ಮತ್ತು ಜನವರಿಯ ರಾಶಿಯ ದಿನಗಳಲ್ಲಿ ರೈತರನ್ನು ಸಭೆಗೆ ಕರೆದರೆ ಬಿಡುವಿದ್ದವರಷ್ಟೇ ಬರುತ್ತಾರೆ. ನೀವೇ ಕಣಕ್ಕೆ ಹೋಗಿ. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋದವರನ್ನು ಫೋನಿನಲ್ಲಿ ಕೇಳಿ. ಸೇಡಂ ಕಡೆ ತೆಲುಗು, ಆಳಂದದ ಕಡೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ದಖನಿ ಉರ್ದು ಬಲ್ಲವರೊಬ್ಬರು ಜೊತೆಗಿರಲಿ.

ಪ್ರತಿ ಮಾತುಕತೆಯ ಕೊನೆಗೆ ‘ಇನ್ನು ಯಾರನ್ನು ಕೇಳಬೇಕು?’ ಎಂದು ವಿಚಾರಿಸಿ, ಸತತವಾಗಿ ಕೆಲವು ಭೇಟಿಗಳಲ್ಲಿ ಹೊಸ ಹೆಸರು ಬರದಿದ್ದಾಗ ಮೊದಲ ಸುತ್ತನ್ನು ನಿಲ್ಲಿಸಿ. ಆ ಬಳಿಕ ಅದೇ ಚೀಲದ ಹಿಂದೆ ಉಲ್ಟಾ ನಡೆಯಿರಿ: ತೇವಾಂಶ ಶೇಕಡಾ 12 ಮೀರಿ ತೊಗರಿ ತಿರಸ್ಕೃತವಾದರೆ ಅದನ್ನು ಮರಳಿ ಊರಿಗೆ ಒಯ್ಯುವವರು ಯಾರು, ಆ ಬಾಡಿಗೆ ಯಾರ ತಲೆಗೆ ಬರುತ್ತದೆ, ಮತ್ತೊಂದು ದಿನದ ಟೋಕನ್ ಕೊಡುವವರು ಯಾರು ಎಂದು ಕೇಳಿದಾಗ, ಮೊದಲ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಹೊರಬರುತ್ತವೆ.